ವಿದ್ಯುತ್ತಿಗೂ ಒಂದು ಪಾಸಂಗ

ಸಂತೆಯ ಹಳೆಯ ತಕ್ಕಡಿಗಳನ್ನು ಕಂಡವರು ಪಾಸಂಗವನ್ನು ಬಲ್ಲರು. ತಟ್ಟೆಗಳೆರಡೂ ಬರಿದಾಗಿರುವಾಗಲೇ ಒಂದು ಕೆಳಗೆ ವಾಲಿದರೆ, ಮೇಲೆದ್ದ ತಟ್ಟೆಗೆ ಸಣ್ಣ ಕಲ್ಲೊಂದನ್ನು ಕಟ್ಟಿ ಸರಿತೂಗಿಸುವರು. ಯಂತ್ರಗಳನ್ನು ನಡೆಸುವ ವಿದ್ಯುತ್ ಸಂಕೇತಗಳಲ್ಲಿಯೂ ಇಂತಹ ವಾಲಿಕೆಯುಂಟು.

ವಸ್ತಾರೆಯ ಸುತ್ತಣ ತೋಟಗಳಲ್ಲಿ ಕಾಫಿಯನ್ನು ಕಣದಲ್ಲಿ ಹರಡಿ ಒಣಗಿಸುವುದು ರೂಢಿ. ಕೊಯ್ಲಿನ ಕಾಲದಲ್ಲಿ ಮೋಡ ಕವಿದರೆ ಬಿಸಿಗಾಳಿಯ ಯಂತ್ರ ನೆರವಿಗೆ ಬರುತ್ತದೆ. ಅಂತಹ ಯಂತ್ರವೊಂದರಲ್ಲಿ ಗಾಳಿಯ ಕದವನ್ನು ಮೋಟಾರು ತಿರುಗಿಸುವುದೆಂದೂ, ನಿಯಂತ್ರಕದಿಂದ 0 ವೋಲ್ಟ್ ಬಂದರೆ ಕದ ಪೂರ್ತಿ ಮುಚ್ಚಿ, 10 ವೋಲ್ಟ್ ಬಂದರೆ ಪೂರ್ತಿ ತೆರೆಯುವುದೆಂದೂ ಭಾವಿಸೋಣ. ನಿಯಂತ್ರಕವು ಸೊನ್ನೆಯೆಂದು ಹೇಳಿದಾಗ ಮೋಟಾರಿನ ಬಳಿ 0.2 ವೋಲ್ಟ್ ಇದ್ದರೆ? ಕದವು ನೂರಕ್ಕೆ ಎರಡು ಪಾಲು ತೆರೆದೇ ಇರುತ್ತದೆ. ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಶೇಕಡ 10ರ ಸುಮಾರಿಗೆ ಇಳಿದೊಡನೆ ಒಣಗಿಸುವುದನ್ನು ನಿಲ್ಲಿಸಬೇಕು. ಆಮೇಲೂ ಬಿಸಿಗಾಳಿ ನುಸುಳುತ್ತಿದ್ದರೆ ತೂಕ ಕುಗ್ಗುತ್ತದೆ. ಬೀಜ ಪೆಡಸಾಗಿ, ಸಿಪ್ಪೆ ಬಿಡಿಸುವಾಗ ಒಡೆಯುತ್ತದೆ. ತೂಕದ ಲೆಕ್ಕದಲ್ಲಿ ಮಾರುವ ಬೆಳೆಗಾರನಿಗೆ ಇದು ಸಣ್ಣ ಮಾತಲ್ಲ.

ಉಷ್ಣತೆಯನ್ನು ಅಳೆದು ನಿಯಂತ್ರಕವೇ ಇದನ್ನು ತಿದ್ದಿಕೊಳ್ಳಬಾರದೆ ಎಂದು ವಾಚಕರು ಕೇಳಬಹುದು. ಕದ ಅರ್ಧ ತೆರೆದಿರುವಾಗ ತಿದ್ದಿಕೊಳ್ಳುತ್ತದೆ: 5 ವೋಲ್ಟಿಗೆ ಬದಲು 4.8 ಕಳುಹಿಸಿದರಾಯಿತು. ಆದರೆ ಪೂರ್ತಿ ಮುಚ್ಚಬೇಕಾದರೆ ಸೊನ್ನೆಗಿಂತಲೂ 0.2 ವೋಲ್ಟ್ ಕೆಳಗಿಳಿಯಬೇಕು. 0ಯಿಂದ 10ರವರೆಗೆ ಮಾತ್ರ ಕೊಡಬಲ್ಲ ನಿಯಂತ್ರಕಕ್ಕೆ ಅದು ಅಸಾಧ್ಯ. ಪ್ರೋಗ್ರಾಮಿನಲ್ಲಿ 0.2ನ್ನು ಕಳೆಯುವ ಸುಲಭೋಪಾಯವೂ ಇಲ್ಲಿಯೇ ಸೋಲುತ್ತದೆ. ಆದುದರಿಂದ ಕಲ್ಲು ಕಟ್ಟುವ ಮೊದಲು ವಾಲಿಕೆ ಎಲ್ಲಿ ಹುಟ್ಟಿತೆಂದು ನೋಡಬೇಕು.

ಸಂಕೇತದ ತಂತಿಗಳನ್ನು ಬಿಚ್ಚಿ, ನಿಯಂತ್ರಕದ ತುದಿಗಳಲ್ಲಿಯೇ ವೋಲ್ಟ್‌ಮಾಪಕವನ್ನು ಇಡೋಣ. ಅಲ್ಲಿಯೇ 0.2 ವೋಲ್ಟ್ ಕಂಡರೆ ದೋಷವು ಒಳಗಿನ ವಿದ್ಯುನ್ಮಂಡಲದ್ದು. ವರ್ಧಕದ ಜೋಡಿ ಟ್ರಾನ್ಸಿಸ್ಟರುಗಳು ಎಷ್ಟೇ ಹೋಲಿದರೂ ಸರ್ವಸಮವಲ್ಲ. ಆ ಅಲ್ಪ ಭೇದವೇ ಹಿಗ್ಗಿ ಹೊರಬರುತ್ತದೆ. ಅದನ್ನು ಸರಿಪಡಿಸುವ ತಿರುಪು ಇದ್ದರೆ, ಅದೇ ಇಲ್ಲಿ ಪಾಸಂಗ. ಭೇದವು ಉಷ್ಣತೆಯೊಡನೆ ಬದಲಾಗುವುದರಿಂದ, ಯಂತ್ರ ಕಾದ ಮೇಲೆಯೇ ತಿರುಪನ್ನು ಮುಟ್ಟಬೇಕು.

ಅಲ್ಲಿ ಸೊನ್ನೆಯಿದ್ದು, ತಂತಿ ಜೋಡಿಸಿದಾಗ ಮೋಟಾರಿನ ಬಳಿ 0.2 ಕಂಡರೆ ಸಂಗತಿಯೇ ಬೇರೆ. ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯು ಮೋಟಾರಿನ ಪಕ್ಕದಲ್ಲಿದ್ದು, ನಿಯಂತ್ರಕದ ಪ್ರವಾಹವೂ ಸಂಕೇತವೂ ಒಂದೇ ತಂತಿಯಲ್ಲಿ ಹಿಂದಿರುಗುತ್ತಿರಬಹುದು. 0.1 ಓಮ್ ರೋಧವುಳ್ಳ ಆ ತಂತಿಯಲ್ಲಿ 2 ಆಂಪಿಯರ್ ಹರಿದರೆ, ಓಮನ ನಿಯಮದಂತೆ ಅದರ ಎರಡು ತುದಿಗಳ ನಡುವೆ 0.2 ವೋಲ್ಟ್ ಏರ್ಪಡುತ್ತದೆ. ನಿಯಂತ್ರಕದ ಸೊನ್ನೆಯೂ ಮೋಟಾರಿನ ಸೊನ್ನೆಯೂ ಒಂದೇ ಮಟ್ಟದಲ್ಲಿಲ್ಲ. ಇಳಿಜಾರಿನ ತೋಟದಲ್ಲಿ ಇಬ್ಬರು ಬೇರೆ ಬೇರೆ ಮಟ್ಟುಗಳ ಮೇಲೆ ನಿಂತು ಒಂದೇ ಮರದ ಎತ್ತರವನ್ನು ಅಳೆದಂತೆ. ಇಲ್ಲಿ ತಿರುಪನ್ನು ತಿರುಗಿಸುವುದು ವ್ಯರ್ಥ, ಪ್ರವಾಹ ಬದಲಾದೊಡನೆ ತಪ್ಪೂ ಬದಲಾಗುವುದು. ಸಂಕೇತಕ್ಕೆ ಪ್ರತ್ಯೇಕವಾದ ಹಿಂದಿರುಗುವ ತಂತಿಯನ್ನು ಎಳೆಯುವುದೇ ಸರಿಯಾದ ಚಿಕಿತ್ಸೆ.

ದೂರ ಹೆಚ್ಚಾದಲ್ಲಿ ಕಾರ್ಖಾನೆಗಳವರು ವೋಲ್ಟನ್ನೇ ಬಿಟ್ಟು, 4ರಿಂದ 20 ಮಿಲಿಆಂಪಿಯರುಗಳ ಪ್ರವಾಹವನ್ನು ಸಂಕೇತವಾಗಿ ಬಳಸುವುದುಂಟು. ತಂತಿಯ ರೋಧ ಅದನ್ನು ಕೆಡಿಸದು. ‘ಮುಚ್ಚು’ ಎಂಬುದಕ್ಕೆ 4 ಮಿಲಿಆಂಪಿಯರ್ ಇರುವುದರಿಂದ ಕೆಳಗೆ ತಿದ್ದಲು ಎಡೆಯೂ ಉಳಿಯುತ್ತದೆ. ಪ್ರವಾಹ ನಿಜವಾಗಿಯೇ ಸೊನ್ನೆಯಾದರೆ, ತಂತಿ ತುಂಡಾಗಿದೆಯೇ ಎಂದು ನೋಡಬೇಕು.