ಠಾಣೆಯ ಮೆಟ್ಟಿಲೇರದ ಲೆಕ್ಕ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಒಂದೇ ಬಗೆಯ ತಲೆಬರಹಗಳು ಕಾಣಿಸಿಕೊಳ್ಳುತ್ತವೆ: ಇಂಥ ಅಪರಾಧದಲ್ಲಿ ಇಂಥ ರಾಜ್ಯ ಮೊದಲು, ಇಂಥದು ಕೊನೆ. ಭಾನುವಾರದ ಪೂಜೆ ಮುಗಿದ ಮೇಲೆ ಬಳ್ಳಾರಿಯ ದೇವಾಲಯದ ಅಂಗಳದಲ್ಲಿ ನಿಂತು ಮಾತಾಡುವ ನಾವೂ ಅದನ್ನೇ ಹಿಡಿದು ಕಾಲ ಕೆಟ್ಟಿತೆಂದು ನಿಟ್ಟುಸಿರಿಡುತ್ತೇವೆ. ಕಾನೂನು ಬಿಗಿಯಾಗಬೇಕು ಎಂದು ಒಬ್ಬರು; ಪೊಲೀಸರ ಕೈಗೆ ಇನ್ನಷ್ಟು ಅಧಿಕಾರ ಕೊಟ್ಟರೆ ನಿರಪರಾಧಿಯ ಗತಿಯೇನು ಎಂದು ಇನ್ನೊಬ್ಬರು. ಈ ವಾದದಲ್ಲಿ ಪಕ್ಷ ವಹಿಸುವ ಮುನ್ನ ಆ ಅಂಕಿಗಳನ್ನೇ ಒಮ್ಮೆ ವಿಚಾರಿಸಿ ನೋಡುವುದು ಲೇಸೆಂದು ನಮಗೆ ತೋರುತ್ತದೆ.

2020ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆಯಡಿ ದೇಶದಲ್ಲಿ ದಾಖಲಾದ ಪ್ರಕರಣಗಳು 785. ಅವುಗಳಲ್ಲಿ 184 ಕರ್ನಾಟಕದವು; ಪಟ್ಟಿಯಲ್ಲಿ ನಮ್ಮದೇ ಮೊದಲ ಸ್ಥಾನ. ಪಶ್ಚಿಮ ಬಂಗಾಳದ್ದು ಕೇವಲ 98. ಆದರೆ ಸುಮಾರು ಅದೇ ಕಾಲದಲ್ಲಿ ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೇ ಬೇರೆ. 20ರಿಂದ 24 ವರ್ಷದ ಸ್ತ್ರೀಯರಲ್ಲಿ, 18 ತುಂಬುವ ಮೊದಲೇ ಮದುವೆಯಾದವರು ಪಶ್ಚಿಮ ಬಂಗಾಳದಲ್ಲಿ ನೂರಕ್ಕೆ 41.6, ಕರ್ನಾಟಕದಲ್ಲಿ 21.3. ಹೆಚ್ಚು ಬಾಲ್ಯವಿವಾಹ ನಡೆದಲ್ಲಿ ಕಡಿಮೆ ಪ್ರಕರಣ! ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಪೊಲೀಸರು ದೂರಿಗೆ ಕಾಯದೆ ತಾವಾಗಿಯೇ ಕ್ರಮ ಕೈಗೊಳ್ಳಬೇಕು. ದಾಖಲಿಸಿದ್ದರಿಂದಲೇ ನಾವು ಪಟ್ಟಿಯ ತುದಿಗೇರಿ ಕೆಟ್ಟ ಹೆಸರು ಹೊತ್ತೆವು. ಹಾಗೆಂದು ನೆಮ್ಮದಿಯಿಂದಿರುವಂತಿಲ್ಲ, ನೂರಕ್ಕೆ 21 ಎಂದರೆ ಐವರಲ್ಲಿ ಒಬ್ಬಳು.

ಅಪರಾಧದ ಅಂಕಿಯೆಂದು ನಾವು ಓದುವುದು ನಡೆದ ಅಪರಾಧಗಳ ಸಂಖ್ಯೆಯಲ್ಲ, ಠಾಣೆಯ ಪುಸ್ತಕಕ್ಕೆ ಏರಿದವುಗಳ ಸಂಖ್ಯೆ. ಸಿರುಗುಪ್ಪದ ಕಡೆ ಕಾಲುವೆಯಂಚಿನ ರೈತನೊಬ್ಬನ ಪಂಪ್‌ಸೆಟ್ಟಿನ ತಾಮ್ರದ ತಂತಿ ಕಳುವಾಯಿತೆಂದು ಭಾವಿಸೋಣ. ದೂರು ಕೊಡಲು ಒಂದು ದಿನದ ಕೆಲಸ ಬಿಡಬೇಕು, ರಸೀದಿ ಹುಡುಕಬೇಕು, ಮುಂದೆ ಸಾಕ್ಷಿಗೆಂದು ಅಲೆಯಬೇಕು. ಆತ ಹೊಸ ತಂತಿ ಕೊಂಡು ಸುಮ್ಮನಾಗುತ್ತಾನೆ. ಆ ಕಳವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸೇರಿದವುಗಳನ್ನು ಎಣಿಸುವ ಕ್ರಮವೂ ವಿಚಿತ್ರ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಘೋರವಾದುದನ್ನು ಮಾತ್ರ ಎಣಿಸುತ್ತಾರೆ. ಅತ್ಯಾಚಾರವೆಸಗಿ ಕೊಂದರೆ ಅದು ಅತ್ಯಾಚಾರದ ಎಣಿಕೆಗಲ್ಲ, ಕೊಲೆಯ ಎಣಿಕೆಗೆ ಸೇರುತ್ತದೆ.

ಇನ್ನು ದೊಡ್ಡ ಕಳವಿನ ಮಾತು. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯು ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಹಗಲಿರುಳು ಲಾರಿಗಳ ಸಾಲು, ರಸ್ತೆ ತುಂಬ ಕೆಂಪು ಧೂಳು. ಬಳ್ಳಾರಿಯವರು ಯಾರೂ ಅದನ್ನು ಮರೆತಿಲ್ಲ. ಆ ವರ್ಷಗಳ ಕಳವಿನ ಕೋಷ್ಟಕದಲ್ಲಿ ಬೈಕಿನ ಕಳವಿಗೂ ಒಂದು ಅಂಕಿ. ಅಷ್ಟೊಂದು ಅದಿರು ಅದೇ ಅಳತೆಯಲ್ಲಿ ಎಲ್ಲಿಯೂ ಮೂಡಲಿಲ್ಲ.

ಸಮೀಕ್ಷೆಯಾದರೂ ಪೂರ್ತಿ ನಂಬಬಹುದೇ? ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರು 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 20.6 ಇದ್ದರು, 2019-20ರಲ್ಲಿ 44.4 ಆದರು. ನಾಲ್ಕು ವರ್ಷಗಳಲ್ಲಿ ರಾಜ್ಯದ ಗಂಡಂದಿರು ಇಮ್ಮಡಿ ಕ್ರೂರಿಗಳಾದರೆಂದು ನಾವು ನಂಬಲಾರೆವು. ಮೊದಲು ಬಾಯಿ ಬಿಡದವರು ಆಮೇಲೆ ಬಿಟ್ಟಿರಬೇಕು, ಇಲ್ಲವೇ ಕೇಳಿದವರ ರೀತಿ ಬದಲಾಗಿರಬೇಕು.

ಸುಧಾರಣೆಯ ಚರ್ಚೆ ಇಂಥ ಅಂಕಿಗಳನ್ನೇ ಊರುಗೋಲಾಗಿ ಹಿಡಿದು ನಡೆಯುವುದರಿಂದ ಇದನ್ನೆಲ್ಲ ಹೇಳಬೇಕಾಯಿತು. ಕರ್ನಾಟಕ ಹಾಗೂ ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಕನ್ನಡಿಗ ವಿ.ಎಸ್. ಮಳೀಮಠರ ಸಮಿತಿಯು 2003ರಲ್ಲಿ 158 ಶಿಫಾರಸುಗಳ ವರದಿ ನೀಡಿತು. ಶಿಕ್ಷೆಯಾಗುವವರ ಪ್ರಮಾಣ ತೀರ ಕಡಿಮೆ ಎಂಬುದು ಅದರ ಮುಖ್ಯ ಕೊರಗು. ಆದ್ದರಿಂದ ಸಂಶಯಾತೀತ ಪುರಾವೆಯ ಮಾನದಂಡವನ್ನು ಸಡಿಲಿಸಬೇಕು, ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಒಪ್ಪಬೇಕು ಎಂದಿತು. ನೊಂದವರ ಪರವಾಗಿ ಸಮಿತಿ ತೋರಿದ ಕಾಳಜಿ ನಮಗೆ ಮೆಚ್ಚುಗೆ. ಈ ಎರಡು ಶಿಫಾರಸುಗಳನ್ನು ಮಾತ್ರ ಒಪ್ಪಲಾರೆವು. ತನಿಖೆ ದುರ್ಬಲವಾದ್ದರಿಂದ ಬಿಡುಗಡೆಯಾದವನೂ ತಪ್ಪೇ ಮಾಡದೆ ಬಿಡುಗಡೆಯಾದವನೂ ಕೋಷ್ಟಕದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನುಗಳೂ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಪುರಾವೆಯಾಗಿ ಅಂಗೀಕರಿಸಿಲ್ಲ.

ದೂರಿನ ವಿಷಯದಲ್ಲಿ ಆ ಕಾನೂನಿನ ಕೆಲವು ಅಂಶಗಳು ಕುಟುಂಬಗಳಿಗೆ ಉಪಯುಕ್ತ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಆದರೆ ಎಲ್ಲ ದೂರುಗಳನ್ನೂ ಪೊಲೀಸರೇ ತಡೆಯುತ್ತಾರೆಯೇ? ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದ ಮಗಳನ್ನು, ಮಾನ ಹೋಗುತ್ತದೆಂದು ಮರಳಿ ಕಳುಹಿಸುವವರು ನಾವೇ. ಹಿರಿಯರು ಸೇರಿ, ಗುರುಗಳ ಮನೆಯಲ್ಲಿ ಕೂತು, ರಾಜಿ ಮಾಡಿಸುವುದೂ ಉಂಟು. ಮಕ್ಕಳ ವಿಷಯದಲ್ಲಿ ಈ ರಾಜಿಗೆ ಅವಕಾಶವೇ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ 2012ರ ಕಾಯಿದೆಯಂತೆ, ಇಂಥ ಕೃತ್ಯ ತಿಳಿದವನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಗುರುಗಳೂ ಧಾರ್ಮಿಕ ಸಹೋದರ ಸಹೋದರಿಯರೂ ಇಂಥ ದೂರನ್ನು ಧರ್ಮಸಭೆಯ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯವೆಂದು ವಿಧಿಸಿದರು. ಶಾಲೆ, ಹಾಸ್ಟೆಲ್ ನಡೆಸುವ ಸಮುದಾಯ ನಮ್ಮದು. ಅಲ್ಲಿ ದೂರೇ ಇಲ್ಲವೆಂಬುದನ್ನು ಅಲ್ಲಿ ತಪ್ಪೇ ನಡೆದಿಲ್ಲವೆಂಬುದಕ್ಕೆ ಸಾಕ್ಷಿಯೆಂದು ನಾವು ತಿಳಿಯಬಾರದು.

ಅಂಕಿಗಳಲ್ಲಿ ಬಹುಮಟ್ಟಿಗೆ ನಂಬಬಹುದಾದದ್ದು ಸೆರೆಮನೆಯದು, ಏಕೆಂದರೆ ಅಲ್ಲಿ ದಿನವೂ ತಲೆ ಎಣಿಸುತ್ತಾರೆ. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ನಮ್ಮ ಊರಿನ ಕೇಂದ್ರ ಕಾರಾಗೃಹದ ಹೆಸರು 2024ರಲ್ಲಿ ಚಿತ್ರನಟರೊಬ್ಬರನ್ನು ತಂದಾಗ ಎಲ್ಲರ ಬಾಯಲ್ಲಿತ್ತು. ಹೆಸರಿಲ್ಲದವರನ್ನು ಕೇಳುವವರು ಕಡಿಮೆ. ಹೊಸ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆಂದು ತೀರ್ಮಾನವಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹ; ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಅರ್ಜಿ ಹಾಕುವುದು ಕಾರಾಗೃಹದ ಅಧೀಕ್ಷಕರ ಕರ್ತವ್ಯ.

ಜಾಮೀನು ಮಂಜೂರಾಗಿಯೂ ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದವರದು ಬೇರೆ ಕಥೆ. ಏಳು ದಿನಗಳಲ್ಲಿ ಅಂಥವನು ಹೊರಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಸೂಚಿಸಿತು. ಜಾಮೀನುದಾರನಿಂದ ಸಾಮಾನ್ಯವಾಗಿ ಕೇಳುವುದು ಹೊಲದ ಪಹಣಿ. ಆರೋಪಿ ತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣ ಕಟ್ಟಬೇಕಾದೀತು. ಆ ಅಂಜಿಕೆ ಸಹಜವೇ. ಅಂಗಳದಲ್ಲಿ ವಾದಿಸುವ ನಮ್ಮಲ್ಲಿ ಕುರುಗೋಡು, ಸಿರುಗುಪ್ಪದ ಕಡೆ ಎರಡು ಮೂರು ಎಕರೆ ಉಳ್ಳವರಿದ್ದಾರೆ. ಪ್ರಾಧಿಕಾರದ ವಕೀಲರನ್ನು ಕಂಡು ಅಂಥ ಒಬ್ಬನಿಗಾದರೂ ಹೊಣೆ ನಿಲ್ಲಲು ಯಾರು ಬರುವಿರೆಂದು ಮುಂದಿನ ಭಾನುವಾರ ಅವರನ್ನು ಕೇಳಬೇಕೆಂದಿದ್ದೇವೆ.