ಫಾರಂ ಕೋಳಿಗೆ ಬೆರೆಸುವ ಪುಡಿಗಳು

ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ‘ಇವಕ್ಕೆಲ್ಲ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರಂತೆ’ ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಆರು ವಾರಕ್ಕೆ ಎರಡು ಕಿಲೋ ದಾಟುವ ಹಕ್ಕಿಯನ್ನು ಕಂಡರೆ ಅನುಮಾನ ಬರುವುದು ಸಹಜವೇ. ಆದರೆ ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿದು ದಿನಾ ಸೂಜಿ ಚುಚ್ಚಲು ಯಾರಿಗೆ ಪುರುಸೊತ್ತಿದೆ? ಫೀಡಿನಲ್ಲಿ ಬೆರೆಸೋಣವೆಂದರೆ, ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಸೋಯಾ ಹಿಂಡಿಯ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ.

ಗುಟ್ಟಿರುವುದು ತಳಿಯಲ್ಲಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಆಹಾರ ಹಾಕಿ ಸಾಕಿದರು. 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 56ನೇ ದಿನ ಮೊದಲನೆಯದು ತೂಗಿದ್ದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಅರ್ಧ ಶತಮಾನ ಬಿಡದೆ ಆರಿಸಿ ಆರಿಸಿ ಮರಿ ಮಾಡಿಸಿದ್ದರ ಫಲ ಇದು. ಈ ಓಟಕ್ಕೆ ಅಡ್ಡ ಬರುವುದನ್ನು ಸರಿಸುವುದಷ್ಟೇ ಪುಡಿ, ಟಾನಿಕ್ಕುಗಳ ಪಾಲಿನ ಕೆಲಸ.

ಅಡ್ಡಿಗಳು ಫೀಡಿನ ಮೂಟೆಯಲ್ಲೇ ಇವೆ. ಬ್ರಾಯ್ಲರ್ ಫೀಡೆಂದರೆ ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಈ ಜೋಡಿಯಲ್ಲಿ ಮೊದಲು ಕೊರತೆ ಬೀಳುವುದು ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ. ಮೈತುಂಬ ಪುಕ್ಕ ಬೆಳೆಸಿಕೊಳ್ಳುವ ಹಕ್ಕಿಗೆ ಗಂಧಕವಿರುವ ಅಮೈನೋ ಆಮ್ಲಗಳು ಹೆಚ್ಚೇ ಬೇಕು. ಅದಕ್ಕಾಗಿ ಟನ್ನಿಗೆ ಎರಡು ಮೂರು ಕಿಲೋದಷ್ಟು ಮೆಥಿಯೋನಿನ್ ಪುಡಿ ಬೆರೆಸುತ್ತಾರೆ.

ರಂಜಕದ್ದು ಇನ್ನೊಂದು ತಕರಾರು. ಕಾಳಿನಲ್ಲಿ ರಂಜಕ ಬೇಕಾದಷ್ಟಿದ್ದರೂ ಅದರ ಸುಮಾರು ಮೂರನೇ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಬಿಗಿದು ಕೂತಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಕೋಳಿಯ ಹೊಟ್ಟೆಯಲ್ಲಿ ಸಾಲದು. ರಂಜಕ ಕಡಿಮೆಯಾದರೆ ಮೂಳೆ ಗಟ್ಟಿಯಾಗದೆ, ಭಾರದ ಮೈ ಹೊರಲಾಗದೆ ಮರಿ ಕುಂಟುತ್ತದೆ. ಹಾಗೆಂದು ರಂಜಕವಿರುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಸುರಿಯುತ್ತಿದ್ದರು. ಕಾಳಿನ ರಂಜಕ ಮಾತ್ರ ಹಿಕ್ಕೆಯ ಜೊತೆ ಹೊಲ, ಹಳ್ಳ ಸೇರುತ್ತಿತ್ತು. ನೀರು ಕೆಡುತ್ತಿದ್ದ ನೆದರ್ಲೆಂಡ್ಸಿನಲ್ಲಿ 1991ರಲ್ಲಿ ಫೈಟೇಸ್ ಕಿಣ್ವ ಮಾರುಕಟ್ಟೆಗೆ ಬಂತು. ಚಿಟಿಕೆಯಷ್ಟು ಬೆರೆಸಿದರೆ ಕಾಳಿನೊಳಗಿನ ರಂಜಕವೇ ಕೋಳಿಗೆ ದಕ್ಕುತ್ತದೆ. ಈ ಪುಡಿಗಳ ಸಾಲಿನಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದೇ.

ಮೆಚ್ಚಿಗೆಯಾಗದ ಕಥೆಯೂ ಒಂದಿದೆ. 1948ರ ಕೊನೆಗೆ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬಿಬ್ಬರು ಬಿ12 ವಿಟಮಿನ್ನಿನ ಅಗ್ಗದ ಮೂಲ ಹುಡುಕುತ್ತಿದ್ದರು. ಆರಿಯೋಮೈಸಿನ್ ಔಷಧ ಕೊಡುವ ಸೂಕ್ಷ್ಮಜೀವಿಯನ್ನು ಬೆಳೆಸಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದರೆ, ಅವು ಬಿ12ರ ಲೆಕ್ಕಕ್ಕೂ ಮೀರಿ ದಪ್ಪಗಾದವು. ಗಸಿಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ಕಿನ ಕರಾಮತ್ತು! ಹೇಗೆ? ಸೂಕ್ಷ್ಮಜೀವಿಗಳೇ ಇಲ್ಲದ ಕೋಣೆಯಲ್ಲಿ ಬೆಳೆಸಿದ ಮರಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ಅಂಥ ಲಾಭವೇನೂ ಕಾಣಲಿಲ್ಲ. ಅಂದರೆ ಮದ್ದು ನಾಟಿದ್ದು ಕೋಳಿಗಲ್ಲ, ಅದರ ಕರುಳಿನ ಬಾಡಿಗೆದಾರರಿಗೆ.

ಚಿಕ್ಕ ಡೋಸಿನ ಈ ರೂಢಿ ಜಗತ್ತಿಗೆಲ್ಲ ಹಬ್ಬಿತು. ಕರುಳಿನಲ್ಲಿ ಬದುಕುಳಿದ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದಂತಾದವು. ಸ್ವೀಡನ್ 1986ರಲ್ಲೇ ಇದನ್ನು ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರಲ್ಲಿ. ಬೇರಾವ ಔಷಧವೂ ನಾಟದ ರೋಗಿಗಳಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಕೂಡ ಕೋಳಿ ಫೀಡಿನಲ್ಲಿತ್ತು ಎಂದರೆ ಏನು ಹೇಳುವುದು? ಭಾರತ ಅದನ್ನು 2019ರಲ್ಲಿ ನಿಷೇಧಿಸಿತು.

ಬದಲಿ ದಾರಿ ಫಿನ್ಲೆಂಡಿನಲ್ಲಿ ಆಗಲೇ ಸಿಕ್ಕಿತ್ತು. 1971ರಲ್ಲಿ ಅಲ್ಲಿನ ಬ್ರಾಯ್ಲರುಗಳಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಬ್ಬಿದಾಗ ನುರ್ಮಿ ಮತ್ತು ರಂಟಾಲ ಎಂಬ ಸಂಶೋಧಕರು ಒಂದು ಸಂಗತಿ ಗಮನಿಸಿದರು. ಹಿತ್ತಲಲ್ಲಿ ಹೇಂಟೆಯ ಕೆಳಗೆ ಹುಟ್ಟಿದ ಮರಿ, ತಾಯಿ ಕೆದರಿದ ಕಸವನ್ನೇ ಕೊಕ್ಕಿನಿಂದ ಕುಕ್ಕುತ್ತ ಅವಳ ಕರುಳಿನ ಜೀವಿಗಳನ್ನೂ ಪಡೆಯುತ್ತದೆ. ಹ್ಯಾಚರಿಯ ಮರಿಗೆ ತಾಯಿಯ ಮುಖವೇ ಗೊತ್ತಿಲ್ಲ. ಅದರ ಖಾಲಿ ಕರುಳಿಗೆ ಮೊದಲು ನುಗ್ಗಿದವರದೇ ರಾಜ್ಯ. ಹಾಗಾಗಿ ಈ ಸಂಶೋಧಕರು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನೊಳಗಿನದನ್ನು ತೆಳುಮಾಡಿ ಮರಿಗಳ ಕೊರಳ ಚೀಲಕ್ಕೆ ಹಾಕಿದರು. ಸಾಲ್ಮೊನೆಲ್ಲಾಗೆ ನೆಲೆ ಸಿಗಲಿಲ್ಲ. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ವರದಿಯ ಬೆನ್ನಿಗೆ ಕೋಳಿಗೆ ಪ್ರೊಬಯಾಟಿಕ್, ಅಂದರೆ ಕರುಳಿಗೆ ಹಿತವಾದ ಜೀವಿಗಳನ್ನು ಕೊಡುವ ವಿದ್ಯೆ ಬೆಳೆಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್ಕುಗಳೆಲ್ಲ ಅಷ್ಟೇ ಕೆಲಸ ಮಾಡುತ್ತವೆಂದಲ್ಲ. ಯಾವ ಜೀವಿ, ಎಷ್ಟು, ಫೀಡನ್ನು ಪೆಲೆಟ್ ಮಾಡುವಾಗಿನ ಹಬೆಯ ಬಿಸಿಗೆ ಅದು ಉಳಿದಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನು ಬೇಸಿಗೆ. ಕೋಳಿಗೆ ಬೆವರಿನ ಗ್ರಂಥಿಯಿಲ್ಲ. ಏಪ್ರಿಲ್ ಮಧ್ಯಾಹ್ನ ಶೆಡ್ಡಿಗೆ ಹೋದರೆ ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುತ್ತಿರುತ್ತವೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ವಿಪರೀತ ಹೋಗಿ ರಕ್ತದ ಕ್ಷಾರಾಂಶ ಏರುತ್ತದೆ, ಲವಣಗಳ ಲೆಕ್ಕ ತಪ್ಪುತ್ತದೆ. ಅದಕ್ಕೇ ನೀರಿಗೆ ಎಲೆಕ್ಟ್ರೋಲೈಟ್ ಹಾಕುವುದು. ವಿಟಮಿನ್ ಸಿ ವಿಚಾರ ಸ್ವಾರಸ್ಯದ್ದು: ಮನುಷ್ಯರಿಗೆ ಆಗದ್ದು ಕೋಳಿಗೆ ಆಗುತ್ತದೆ, ತನಗೆ ಬೇಕಾದ್ದನ್ನು ಮೂತ್ರಪಿಂಡದಲ್ಲೇ ತಯಾರಿಸಿಕೊಳ್ಳುತ್ತದೆ. ಬಿಸಿಲು ಹೆಚ್ಚಾದಾಗ ಮಾತ್ರ ಅದು ಸಾಲದೆ ಬರುತ್ತದೆ. ತಿಂದದ್ದು ಕರಗುವಾಗಲೂ ಮೈಯಲ್ಲಿ ಬಿಸಿ ಹುಟ್ಟುತ್ತದಾದ್ದರಿಂದ ಅನುಭವಸ್ಥ ಸಾಕಣೆದಾರರು ಬಿಸಿಲೇರುವ ಮೊದಲೇ ಫೀಡರುಗಳನ್ನು ಮೇಲಕ್ಕೆತ್ತಿ ಕಟ್ಟುತ್ತಾರೆ. ಸಂಜೆ ತಂಪಾದ ಮೇಲೆ ಇಳಿಸುತ್ತಾರೆ. ಇದಕ್ಕೆ ಹಗ್ಗದ ಖರ್ಚಷ್ಟೇ.