ದೃಷ್ಟಿಕ್ಷೇತ್ರ: ಕಣ್ಣಿನ ಹೊಲಕ್ಕೂ ಬದು ಉಂಟು



ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾವು ಒಮ್ಮೆ ನವಲಗುಂದದ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದೆವು. ಕಡಲೆ ಹೊಲದ ಅಂಚಿನಲ್ಲಿ ಕ್ಯಾಮೆರಾ ನಿಲ್ಲಿಸುತ್ತಿದ್ದಾಗ ಹೊಲದ ಯಜಮಾನರು ನಮ್ಮತ್ತ ಬಂದರು. ಬರುವಾಗ ಪಕ್ಕದಲ್ಲಿದ್ದ ಸ್ಟ್ಯಾಂಡಿಗೆ ಎಡವಿ ಮುಗ್ಗರಿಸಿದರು. "ಯಜಮಾನ್ರ, ಕಣ್ಣು ತೋರಿಸೀರೇನ್ರಿ?" ಎಂದು ಕೇಳಿದೆ. "ನನ್ನ ಕಣ್ಣಿಗೆ ಏನಾಗೇದ್ರಿ ಸಾಹೇಬ್ರ? ಆ ಬನ್ನಿಗಿಡದ ಮ್ಯಾಲ ಕುಂತ ಕಾಗಿ ಸುದ್ದಾ ಕಾಣಸ್ತದ" ಎಂದರು. ಅವರ ಮಾತು ಸುಳ್ಳಲ್ಲ. ದೂರದ ಕಾಗೆ ಅವರಿಗೆ ಕಂಡಿತ್ತು. ಪಕ್ಕದ ಸ್ಟ್ಯಾಂಡು ಕಂಡಿರಲಿಲ್ಲ. ಹೀಗಾಗುವುದು ಹೇಗೆ? ಇದನ್ನು ತಿಳಿಯಲು ‘ದೃಷ್ಟಿಕ್ಷೇತ್ರ’ ಎಂಬ ಪದದ ಅರ್ಥ ತಿಳಿಯಬೇಕು.

ತಲೆಯನ್ನಾಗಲಿ ಕಣ್ಣುಗುಡ್ಡೆಯನ್ನಾಗಲಿ ಅಲುಗಿಸದೆ, ನೋಟವನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸಿದಾಗ ಸುತ್ತಲೂ ಎಷ್ಟು ಭಾಗ ಕಾಣುತ್ತದೋ ಅದೇ ದೃಷ್ಟಿಕ್ಷೇತ್ರ. ಕ್ಷೇತ್ರವೆಂದರೆ ಹೊಲ. ಹೊಲಕ್ಕೆ ನಾಲ್ಕು ಕಡೆ ಬದು ಇರುವಂತೆ ಕಣ್ಣಿನ ಹೊಲಕ್ಕೂ ಎಲ್ಲೆ ಉಂಟು. ಅದನ್ನು ಅಳೆಯುವುದು ಎಕರೆ, ಗುಂಟೆಗಳಲ್ಲಲ್ಲ, ಕೋನದ ಡಿಗ್ರಿಗಳಲ್ಲಿ. ಒಂದು ಕಣ್ಣಿಗೆ ಮೇಲಕ್ಕೆ ಸುಮಾರು 60, ಕೆಳಕ್ಕೆ 70, ಮೂಗಿನ ಕಡೆಗೆ 60, ಕಿವಿಯ ಕಡೆಗೆ 90ಕ್ಕಿಂತ ಕೊಂಚ ಹೆಚ್ಚು ಡಿಗ್ರಿ ಕಾಣುತ್ತದೆ. ಎರಡೂ ಕಣ್ಣು ಸೇರಿದರೆ ಅಡ್ಡಲಾಗಿ 180 ಡಿಗ್ರಿಗೂ ತುಸು ಮಿಗಿಲು. ಇದರಲ್ಲಿ ನಡುವಿನ ಸುಮಾರು 120 ಡಿಗ್ರಿ ಎರಡೂ ಕಣ್ಣಿಗೆ ಸೇರಿದ ಜಂಟಿ ಹೊಲ. ವಸ್ತು ಎಷ್ಟು ದೂರದಲ್ಲಿದೆ ಎಂಬ ಅಂದಾಜು ನಮಗೆ ಚೆನ್ನಾಗಿ ಸಿಗುವುದು ಇಲ್ಲಿಯೇ.

ಈ ಪದವನ್ನು ಬಳಸುವಾಗ ಮೂರು ಸಂಗತಿಗಳನ್ನು ಒಂದರೊಡನೊಂದು ಬೆರೆಸಬಾರದು. ಮೊದಲನೆಯದು, ಕಣ್ಣು ಹಾಯುವ ದೂರ. ನವಲಗುಂದ, ಅಣ್ಣಿಗೇರಿಗಳ ಸಪಾಟಾದ ಎರೆಭೂಮಿಯಲ್ಲಿ ನಿಂತವರಿಗೆ ನೆಲವು ಸುಮಾರು 4.5 ಕಿಲೋಮೀಟರ್‌ವರೆಗೆ ಕಾಣಬಲ್ಲದು. ಆಚೆಗೆ ಭೂಮಿಯ ದುಂಡುತನವೇ ಅದನ್ನು ಮರೆಮಾಡುತ್ತದೆ. ಕಲಘಟಗಿಯ ಕಡೆ ಹೋದರೆ ಗುಡ್ಡ, ಕಾಡು ಅಡ್ಡ ಬರುತ್ತವೆ. ಊರು ಬದಲಾದರೆ ಈ ದೂರ ಬದಲಾಗುತ್ತದೆ. ದೃಷ್ಟಿಕ್ಷೇತ್ರ ಮಾತ್ರ ನಿಮ್ಮ ಕಣ್ಣಿನೊಡನೆಯೇ ಬರುತ್ತದೆ. ಎರಡನೆಯದು, ದೃಷ್ಟಿಯ ತೀಕ್ಷ್ಣತೆ. ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟವನ್ನು ಓದಿಸಿ ವೈದ್ಯರು ‘6/6’ ಎಂದು ಬರೆಯುವುದು ಇದನ್ನೇ. ಅದು ನೋಟದ ನಟ್ಟನಡುವಿನ ಚಿಕ್ಕ ಭಾಗದ ಪರೀಕ್ಷೆ ಮಾತ್ರ. ಮೂರನೆಯದು, ದೃಷ್ಟಿಕೋನ. ಇದು ಅಭಿಪ್ರಾಯಕ್ಕೆ ಸಂಬಂಧಿಸಿದ ಮಾತು, ಕಣ್ಣಿಗಲ್ಲ.

ಪ್ರಾಣಿಗಳಲ್ಲಿ ಈ ಕ್ಷೇತ್ರ ಬೇರೆ ಬೇರೆ. ಎತ್ತಿನ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಅದಕ್ಕೆ ಸುಮಾರು 330 ಡಿಗ್ರಿ ಕಾಣುತ್ತದೆ. ಕುಂಟೆಯ ಹಿಂದೆ ನೇರವಾಗಿ ನಿಂತ ರೈತ ಮಾತ್ರ ಕಾಣಲಾರ. ಕುದುರೆಯ ನೋಟವೂ ಇಷ್ಟೇ ಅಗಲ. ಟಾಂಗಾದ ಕುದುರೆ ಪಕ್ಕದ ಗಾಡಿಗಳನ್ನು ಕಂಡು ಬೆದರದಿರಲೆಂದೇ ಅದರ ಕಣ್ಣಿನ ಬದಿಗೆ ಚರ್ಮದ ಮರೆ ಕಟ್ಟುತ್ತಾರೆ.

ಈಗ ಒಂದು ಪ್ರಯೋಗ ಮಾಡಿ. ಕಾಗದದ ಎಡಕ್ಕೆ ಒಂದು ಕೂಡಿಸುವ ಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನಷ್ಟೇ ನೋಡುತ್ತ ಕಾಗದವನ್ನು ಮೆಲ್ಲಗೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ! ಕಣ್ಣಿನ ನರ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲದಿರುವುದೇ ಇದಕ್ಕೆ ಕಾರಣ. ಇದಕ್ಕೆ ‘ಅಂಧಬಿಂದು’ ಎನ್ನುತ್ತಾರೆ. ಆದರೆ ಗಮನಿಸಿ: ಚುಕ್ಕೆ ಹೋದ ಜಾಗದಲ್ಲಿ ನಿಮಗೆ ಕಪ್ಪು ತೂತು ಕಾಣಲಿಲ್ಲ, ಬಿಳಿಯ ಕಾಗದವೇ ಕಂಡಿತು. ಕಾಣದ ಭಾಗವನ್ನು ಮಿದುಳು ತಾನೇ ತುಂಬಿಬಿಡುತ್ತದೆ.

ಅಪಾಯವಿರುವುದು ಇಲ್ಲಿಯೇ. ಗ್ಲಾಕೋಮಾ ಎಂಬ ರೋಗದಲ್ಲಿ ಕಣ್ಣಿನ ನರ ನಿಧಾನವಾಗಿ ಸವೆಯುತ್ತದೆ. ಹಲವರಲ್ಲಿ ಕಣ್ಣೊಳಗಿನ ಒತ್ತಡ ಹೆಚ್ಚಾಗಿರುತ್ತದೆ. ಸಾಮಾನ್ಯವಾಗಿ ಬದಿಯ ನೋಟ ಮೊದಲು ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೆ ಉಳಿಯುತ್ತದೆ. ಪಕ್ಕದ ಹೊಲದವನು ವರ್ಷಕ್ಕೊಂದು ಸಾಲಿನಂತೆ ಬದು ಒತ್ತುತ್ತ ಬಂದರೆ ಗೊತ್ತಾಗದಂತೆ ಇದೂ ಗೊತ್ತಾಗುವುದಿಲ್ಲ. ಬಹುಪಾಲು ಜನರಿಗೆ ನೋವಿಲ್ಲ, ಕೆಂಪಿಲ್ಲ, ಅಕ್ಷರ ಮಸುಕಾಗುವುದಿಲ್ಲ. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುವುದುಂಟು. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ. ಬೇಗ ಕಂಡುಹಿಡಿದರೆ ಹನಿ ಔಷಧ, ಲೇಸರ್ ಇಲ್ಲವೆ ಶಸ್ತ್ರಚಿಕಿತ್ಸೆಯಿಂದ ಉಳಿದದ್ದನ್ನು ಕಾಪಾಡಬಹುದು.

ಕಣ್ಣಾಸ್ಪತ್ರೆಯಲ್ಲಿ ದೃಷ್ಟಿಕ್ಷೇತ್ರವನ್ನು ಅಳೆಯುವ ಯಂತ್ರವಿರುತ್ತದೆ. ಬಿಳಿಯ ಬೋಗುಣಿಯಂಥ ಭಾಗಕ್ಕೆ ಮುಖವಿಟ್ಟು, ನಡುವಿನ ದೀಪವನ್ನೇ ನೋಡುತ್ತ, ಸುತ್ತ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಕಾಣದೆ ಹೋದ ಜಾಗಗಳು ನಕ್ಷೆಯಲ್ಲಿ ಕಪ್ಪಾಗಿ ಮೂಡುತ್ತವೆ. ಈ ಅಳತೆಗೆ ಕಾನೂನಿನ ಮನ್ನಣೆಯೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪ್ರಕಾರ, ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಡಿಮೆಯಾದರೆ, ಅಕ್ಷರ ಓದಬಲ್ಲವರಾದರೂ ಅಂಧರೆಂದೇ ಲೆಕ್ಕ.

ನವಲಗುಂದದ ಆ ಹಿರಿಯರನ್ನು ಅವರ ಮಗ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದರು. ಗ್ಲಾಕೋಮಾ ಎಂದೇ ತಿಳಿದುಬಂತು. ಎರಡು ವರ್ಷಗಳ ನಂತರ ಮತ್ತೆ ಭೇಟಿಯಾದಾಗ ಅವರ ಅಂಗಿಯ ಕಿಸೆಯಲ್ಲಿ ಹನಿ ಔಷಧದ ಶೀಶೆ ಇತ್ತು. "ಹೋಗಿದ್ದು ಹೋತ್ರಿ, ಇದ್ದದ್ದು ಐತಿ" ಎಂದರು.

ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ಇಂದೇ ಒಂದು ಕೆಲಸ ಮಾಡಿ. ಒಂದು ಮೀಟರ್ ದೂರದಲ್ಲಿ ಎದುರುಬದುರು ಕುಳಿತುಕೊಳ್ಳಿ. ಅವರು ಎಡಗಣ್ಣು, ನೀವು ಬಲಗಣ್ಣು ಮುಚ್ಚಿ, ಒಬ್ಬರ ಕಣ್ಣನ್ನೊಬ್ಬರು ನೋಡುತ್ತಿರಿ. ಇಬ್ಬರ ನಡುವೆ ನಿಮ್ಮ ಬೆರಳನ್ನು ಅಲ್ಲಾಡಿಸುತ್ತ ಹೊರಗಿನಿಂದ ಒಳಗೆ ತನ್ನಿ. ನಾಲ್ಕೂ ದಿಕ್ಕಿನಿಂದ ಹೀಗೆ ಮಾಡಿ, ಆಮೇಲೆ ಕಣ್ಣು ಬದಲಿಸಿ. ನಿಮಗೆ ಕಂಡ ಬಹಳ ಹೊತ್ತಿನ ಮೇಲೆ ಅವರಿಗೆ ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಈ ಮನೆಯ ಪರೀಕ್ಷೆಗೆ ಆರಂಭದ ದೋಷ ಸಿಗದಿರಬಹುದು. ಆದ್ದರಿಂದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಎಲ್ಲವೂ ಸರಿಯಾಗಿ ಕಂಡರೂ ಆಸ್ಪತ್ರೆಯ ತಪಾಸಣೆ ತಪ್ಪಿಸಬಾರದು.